ಕ್ಯಾನ್ಸರ್ ಕ್ಲಿನಿಕಲ್ ಟ್ರಯಲ್: ಸಹಿ ಹಾಕುವ ಮುನ್ನ, ಹಾಕಿದ ಮೇಲೆ

"ಡಾಕ್ಟರು ಒಂದು ಟ್ರಯಲ್ ಇದೆ, ಸೇರ್ತೀರಾ ಅಂತ ಕೇಳಿದ್ರು. ಏನು ಹೇಳೋದು?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು: "ನಮ್ಮನ್ನ ಪ್ರಯೋಗಪಶು ಮಾಡ್ತಾರಾ?" ಸೇರಿ ಎಂದಾಗಲಿ, ಬೇಡ ಎಂದಾಗಲಿ ಇಲ್ಲಿ ಹೇಳುತ್ತಿಲ್ಲ. ಟ್ರಯಲ್ ಎಂದರೆ ಒಂದು ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸಿ ನೋಡುವ ಅಧ್ಯಯನ. ಭಾರತದಲ್ಲಿ ಅದು ಹೇಗೆ ನಡೆಯುತ್ತದೆ, ಯಾವ ಹಂತದಲ್ಲಿ ನಿಮ್ಮನ್ನು ಏನು ಕೇಳುತ್ತಾರೆ, ನೀವು ಏನು ಕೇಳಬೇಕು ಎಂಬುದನ್ನು ಕ್ರಮವಾಗಿ ಕೊಟ್ಟಿದ್ದೇವೆ.

ಮೊದಲಿಗೆ ಒಂದು ವಿಷಯ ಮನಸ್ಸಿನಲ್ಲಿರಲಿ. ಮಾಮೂಲಿ ಚಿಕಿತ್ಸೆಯಲ್ಲಿ ನಿಮ್ಮ ಸುಸ್ತು ನೋಡಿ ಡಾಕ್ಟರು ಡೋಸ್ ಇಳಿಸಬಹುದು, ಮಗಳ ಮದುವೆ ಇದೆ ಎಂದರೆ ಕೀಮೋ ಒಂದು ವಾರ ಮುಂದಕ್ಕೆ ಹಾಕಬಹುದು. ಟ್ರಯಲ್‌ನಲ್ಲಿ ಎಲ್ಲವೂ ಪ್ರೋಟೊಕಾಲ್ ಪ್ರಕಾರ. ಪ್ರೋಟೊಕಾಲ್ ಎಂದರೆ ಯಾವ ದಿನ ಯಾವ ಔಷಧ, ಎಷ್ಟು, ರಕ್ತದಲ್ಲಿ ಯಾವ ಅಂಶ ಎಷ್ಟಿದ್ದರೆ ನಿಲ್ಲಿಸಬೇಕು ಎಂದೆಲ್ಲ ಮೊದಲೇ ಬರೆದು ಮಂಜೂರು ಮಾಡಿಸಿಕೊಂಡ ದಾಖಲೆ. ಟ್ರಯಲ್‌ನ ಮೊದಲ ಉದ್ದೇಶ ಒಂದು ಪ್ರಶ್ನೆಗೆ ಉತ್ತರ ಹುಡುಕುವುದು. ನಿಮಗೆ ಅದರಿಂದ ಒಳ್ಳೆಯದಾಗಬಹುದು, ಆಗದಿರಬಹುದು. ಡಾಕ್ಟರು ಅದೇ ಡಾಕ್ಟರು, ವಾರ್ಡೂ ಅದೇ ವಾರ್ಡು, ಹಾಗಾಗಿ ಈ ವ್ಯತ್ಯಾಸ ಬಹಳ ಮಂದಿಗೆ ಕಾಣುವುದೇ ಇಲ್ಲ.

1. ಯಾವ ಬಗೆಯ ಟ್ರಯಲ್ ಎಂದು ಕೇಳಿ

"ಇದು ಯಾವ ಫೇಸ್?" ಇದು ನಿಮ್ಮ ಮೊದಲ ಪ್ರಶ್ನೆಯಾಗಲಿ. ಫೇಸ್ ಎಂದರೆ ಪರೀಕ್ಷೆಯ ಹಂತ.

ಫೇಸ್ 1ರಲ್ಲಿ ಹುಡುಕುವುದು ಸುರಕ್ಷಿತ ಡೋಸ್ ಯಾವುದು ಎಂದು. ಬೇರೆ ಕಾಯಿಲೆಗಳ ಫೇಸ್ 1 ಪರೀಕ್ಷೆ ಆರೋಗ್ಯವಂತರ ಮೇಲೆ ನಡೆಯುವುದುಂಟು. ಕ್ಯಾನ್ಸರ್ ಔಷಧಗಳು ಜೀವಕೋಶಗಳಿಗೇ ಪೆಟ್ಟು ಕೊಡುವಂಥವು, ಹಾಗಾಗಿ ಇಲ್ಲಿ ಸಾಮಾನ್ಯವಾಗಿ ರೋಗಿಗಳನ್ನೇ ತೆಗೆದುಕೊಳ್ಳುತ್ತಾರೆ. ಮೂವರಿಗೆ ಒಂದು ಡೋಸ್ ಕೊಟ್ಟು, ಮೊದಲ ಸುತ್ತು ಮುಗಿಯುವವರೆಗೆ ಕಾದು, ತೀವ್ರ ತೊಂದರೆ ಆಗದಿದ್ದರೆ ಮುಂದಿನ ಮೂವರಿಗೆ ಹೆಚ್ಚಿನ ಡೋಸ್ ಕೊಡುವುದು ಹಳೆಯ ರೂಢಿ. ಹಾಗಾಗಿ ನೀವು ಎಷ್ಟನೆಯ ಗುಂಪಿನಲ್ಲಿ ಬರುತ್ತೀರಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಫೇಸ್ 2ರಲ್ಲಿ ಗಡ್ಡೆ ಕುಗ್ಗುತ್ತದೆಯೇ ಎಂದು ನೋಡುತ್ತಾರೆ. ಫೇಸ್ 3ರಲ್ಲಿ ಈಗಿರುವ ಚಿಕಿತ್ಸೆಯ ಎದುರು ಹೊಸದನ್ನು ಹೋಲಿಸುತ್ತಾರೆ. ನೂರಾರು, ಕೆಲವೊಮ್ಮೆ ಸಾವಿರಾರು ರೋಗಿಗಳಿರುತ್ತಾರೆ. ಮಾರುಕಟ್ಟೆಗೆ ಬಂದ ಔಷಧದ ಮೇಲೆ ನಿಗಾ ಇಡುವುದು ಫೇಸ್ 4.

ಎರಡನೆಯ ಪ್ರಶ್ನೆ: "ದುಡ್ಡು ಹಾಕುತ್ತಿರುವವರು ಯಾರು?" ಔಷಧ ಕಂಪನಿ ನಡೆಸುವ ಟ್ರಯಲ್ ಬೇರೆ, ಆಸ್ಪತ್ರೆಯ ವೈದ್ಯರೇ ನಡೆಸುವ ಅಕಾಡೆಮಿಕ್ ಟ್ರಯಲ್ ಬೇರೆ. ಎರಡನೆಯದನ್ನು ಕಡೆಗಣಿಸಬೇಡಿ. ನಮ್ಮ ದೇಶಕ್ಕೆ ಬೇಕಾದ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಸಿಕ್ಕಿರುವುದು ಅಲ್ಲಿಂದಲೇ. ಬಾಯಿ ಕ್ಯಾನ್ಸರ್ ಮೊದಲ ಹಂತದಲ್ಲಿರುವಾಗ ಕತ್ತಿನ ಗ್ರಂಥಿಗಳನ್ನು ಆಗಲೇ ತೆಗೆಯಬೇಕೋ, ರೋಗ ಅಲ್ಲಿ ಕಾಣಿಸಿಕೊಂಡ ಮೇಲೆ ತೆಗೆದರೆ ಸಾಕೋ ಎಂಬುದು ದಶಕಗಳ ಜಗಳವಾಗಿತ್ತು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಟ್ರಯಲ್ ಅದನ್ನು 2015ರಲ್ಲಿ ಬಗೆಹರಿಸಿತು: ಮೊದಲೇ ತೆಗೆಸಿಕೊಂಡವರಲ್ಲಿ 3 ವರ್ಷಕ್ಕೆ 80%, ಕಾದವರಲ್ಲಿ 67.5% ಮಂದಿ ಬದುಕಿದ್ದರು. ಅದರಲ್ಲಿ ಹೊಸ ಔಷಧವೇ ಇರಲಿಲ್ಲ. ಟ್ರಯಲ್ ಎಂದ ಕೂಡಲೇ ಹೊಸ ಇಂಜೆಕ್ಷನ್ ಎಂದುಕೊಳ್ಳಬೇಕಿಲ್ಲ.

ಆದರೆ ಖರ್ಚಿನ ಲೆಕ್ಕ ಈ ಎರಡರಲ್ಲಿ ಬೇರೆ ಬೇರೆ. ಕಂಪನಿ ಟ್ರಯಲ್‌ನಲ್ಲಿ ಪರೀಕ್ಷೆಯಲ್ಲಿರುವ ಔಷಧ, ಟ್ರಯಲ್‌ಗೆಂದೇ ಮಾಡುವ ಸ್ಕ್ಯಾನ್ ಮತ್ತು ರಕ್ತ ಪರೀಕ್ಷೆ ಪ್ರಾಯೋಜಕರ, ಅಂದರೆ ಹಣ ಹಾಕುವವರ ಖರ್ಚು. ಅಕಾಡೆಮಿಕ್ ಟ್ರಯಲ್‌ನಲ್ಲಿ ಹೇಗಿದ್ದರೂ ಬೇಕಾಗುತ್ತಿದ್ದ ಶಸ್ತ್ರಚಿಕಿತ್ಸೆ, ಕೀಮೋ, ರೇಡಿಯೇಷನ್ ಬಿಲ್ ಬಹಳ ಸಲ ನಿಮ್ಮದೇ, ಇಲ್ಲವೇ ನಿಮ್ಮ ಆರೋಗ್ಯ ಯೋಜನೆಯದು.

2. ಟ್ರಯಲ್ ನೋಂದಣಿ ಆಗಿದೆಯೇ, ನೀವೇ ನೋಡಿ

ಭಾರತದಲ್ಲಿ ಔಷಧದ ಟ್ರಯಲ್‌ಗಳನ್ನು ಸಿಟಿಆರ್‌ಐ ಎಂಬ ಸರ್ಕಾರಿ ದಾಖಲಾತಿಯಲ್ಲಿ ನೋಂದಾಯಿಸುವುದು 2009ರ ಜೂನ್‌ನಿಂದ ಕಡ್ಡಾಯ. ಇದನ್ನು ನಡೆಸುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್. ನೋಂದಣಿ ಸಂಖ್ಯೆಯ ರೂಪ ಹೀಗಿರುತ್ತದೆ: ಸಿಟಿಆರ್‌ಐ, ಓರೆಗೆರೆ, ವರ್ಷ, ಓರೆಗೆರೆ, ತಿಂಗಳು, ಓರೆಗೆರೆ, ಆರು ಅಂಕಿ. ಸಂಖ್ಯೆ ಕೇಳಿ ಪಡೆದು, ಜಾಲತಾಣದಲ್ಲಿ ಹಾಕಿ ನೋಡಿ. ಪುಟ ಇಂಗ್ಲಿಷಿನಲ್ಲಿದೆ, ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಅಲ್ಲಿ ನಾಲ್ಕು ಕಡೆ ಕಣ್ಣು ಹಾಯಿಸಿದರೆ ಸಾಕು. ನೀವು ಹೋಗುತ್ತಿರುವ ಆಸ್ಪತ್ರೆ ಕೇಂದ್ರಗಳ ಪಟ್ಟಿಯಲ್ಲಿ ಇದೆಯೇ? ಆ ಆಸ್ಪತ್ರೆಯ ನೈತಿಕ ಸಮಿತಿ ಒಪ್ಪಿಗೆ ಕೊಟ್ಟಿದೆಯೇ? ಹೊಸ ಔಷಧವಾದರೆ ಡಿಸಿಜಿಐ, ಅಂದರೆ ದೇಶದ ಔಷಧ ಮಹಾ ನಿಯಂತ್ರಕರ ಅನುಮತಿ ಇದೆಯೇ? ರೋಗಿಗಳನ್ನು ಈಗಲೂ ಸೇರಿಸಿಕೊಳ್ಳುತ್ತಿದ್ದಾರೆಯೇ? ಕೊನೆಯದನ್ನು ಮಾತ್ರ ಪೂರ್ತಿ ನಂಬಬೇಡಿ. ಭರ್ತಿ ಮುಗಿದು ತಿಂಗಳಾದರೂ ಪುಟ ಹಾಗೇ ಉಳಿದಿರುವುದುಂಟು. ಬಸ್ ಹತ್ತುವ ಮುನ್ನ ಅಲ್ಲಿ ಕೊಟ್ಟಿರುವ ಸಂಪರ್ಕ ಸಂಖ್ಯೆಗೆ ಒಂದು ಫೋನ್ ಮಾಡಿ.

ನೈತಿಕ ಸಮಿತಿ ಎಂದರೆ ರೋಗಿಗಳ ಹಕ್ಕು, ಸುರಕ್ಷತೆ ನೋಡಿಕೊಳ್ಳುವ ಗುಂಪು. ಕನಿಷ್ಠ 7 ಜನ ಇರಬೇಕು. ಅವರಲ್ಲಿ ಒಬ್ಬರು ಕಾನೂನು ಬಲ್ಲವರು, ಒಬ್ಬರು ಸಾಮಾನ್ಯ ನಾಗರಿಕರು, ಒಬ್ಬರಾದರೂ ಮಹಿಳೆ ಇರಬೇಕು, ಅರ್ಧದಷ್ಟು ಸದಸ್ಯರೂ ಅಧ್ಯಕ್ಷರೂ ಆ ಆಸ್ಪತ್ರೆಯ ಹೊರಗಿನವರಾಗಿರಬೇಕು ಎನ್ನುತ್ತವೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು.

ಎಚ್ಚರಿಕೆ: ಪರೀಕ್ಷೆಯಲ್ಲಿರುವ ಔಷಧಕ್ಕೆ ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. "ಸ್ಟೆಮ್ ಸೆಲ್ ಹಾಕ್ತೀವಿ, ಇಮ್ಯುನಿಟಿ ಸೆಲ್ ಬೆಳೆಸಿ ಕೊಡ್ತೀವಿ, ಟ್ರಯಲ್ ಮೇಲೆ ಇದೆ" ಎಂದು ದುಡ್ಡು ಕೀಳುವವರು ಇದ್ದಾರೆ. ನೋಂದಣಿ ಸಂಖ್ಯೆ ಕೇಳಿದರೆ ಅವರ ಮಾತೇ ಬದಲಾಗುತ್ತದೆ.

3. ಕಡತ ಜೋಡಿಸಿ, ಬ್ಲಾಕ್ ತೆಗೆದುಕೊಳ್ಳಿ

ಟ್ರಯಲ್ ಕೋಆರ್ಡಿನೇಟರ್ (ಓಡಾಟ, ಕಾಗದಪತ್ರ, ಫೋನು ಎಲ್ಲ ನೋಡಿಕೊಳ್ಳುವವರು, ಮುಂದೆ ನಿಮಗೆ ಡಾಕ್ಟರಿಗಿಂತ ಹೆಚ್ಚು ಸಲ ಸಿಗುವುದು ಇವರೇ) ಕೇಳುವ ಕಾಗದಗಳು ಇವು: ಬಯಾಪ್ಸಿ ವರದಿ, ಇಮ್ಯುನೊ (ಬಯಾಪ್ಸಿ ಚೂರಿಗೆ ಬಣ್ಣ ಹಾಕಿ ಗಡ್ಡೆಯ ಬಗೆ ಗುರುತಿಸುವುದು) ಅಥವಾ ಜೀನ್ ಪರೀಕ್ಷೆಯ ವರದಿ, ಎಲ್ಲ ಡಿಸ್ಚಾರ್ಜ್ ಸಾರಾಂಶಗಳು, ಕೊನೆಯ ಕೀಮೋ ಅಥವಾ ರೇಡಿಯೇಷನ್ ದಿನಾಂಕ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ. ಸ್ಕ್ಯಾನ್‌ಗೆ ವರದಿಯ ಹಾಳೆ ಸಾಲದು, ಸಿಡಿಯೂ ಬೇಕು. ಅಲ್ಲಿ ಮತ್ತೆ ಅಳತೆ ಮಾಡುತ್ತಾರೆ.

ಬಹಳ ಮಂದಿ ಎಡವುವುದು ಬ್ಲಾಕ್ ವಿಷಯದಲ್ಲಿ. ಬಯಾಪ್ಸಿಯಲ್ಲಿ ತೆಗೆದ ಚೂರನ್ನು ಬಿಳಿ ಮೇಣದಲ್ಲಿ ಕೂರಿಸಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಕ್ಯಾಸೆಟ್‌ನಲ್ಲಿ ಇಟ್ಟಿರುತ್ತಾರೆ. ಅದೇ ಬ್ಲಾಕ್. ಮೊದಲು ಬಯಾಪ್ಸಿ ಮಾಡಿದ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಅರ್ಜಿ, ಗುರುತಿನ ಚೀಟಿ, ವರದಿಯ ಪ್ರತಿ ಕೊಟ್ಟರೆ ಸಿಗುತ್ತದೆ. ಕ್ಯಾಸೆಟ್‌ನ ಅಂಚಿನ ಸಂಖ್ಯೆಯೂ ವರದಿಯ ಸಂಖ್ಯೆಯೂ ಒಂದೇ ಇದೆಯೇ ಎಂದು ಕೌಂಟರ್ ಬಿಡುವ ಮೊದಲೇ ನೋಡಿ. ಒಂದಂಕಿ ಹೆಚ್ಚುಕಮ್ಮಿ ಆದರೂ ಟ್ರಯಲ್ ಲ್ಯಾಬ್ ವಾಪಸ್ ಕಳಿಸುತ್ತದೆ, ವಾರ ಹೋಗುತ್ತದೆ. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಲೇಬೇಡಿ, ಮೇಣ ಕರಗುತ್ತದೆ. ಚೂರು ಚಿಕ್ಕದಿದ್ದರೆ ಇಡೀ ಬ್ಲಾಕ್ ಕೊಟ್ಟುಬಿಡಬೇಡಿ; ಕತ್ತರಿಸಿದ ಸ್ಲೈಡ್‌ಗಳು ಸಾಕೇ ಎಂದು ಕೇಳಿ. ನಾಳೆ ಇನ್ನೊಂದು ಜೀನ್ ಪರೀಕ್ಷೆಗೆ ಅದೇ ಬೇಕಾದೀತು. ಕೊಟ್ಟಿದ್ದಕ್ಕೆ ರಸೀದಿ ಇರಲಿ.

4. ಮಾಹಿತಿ ಪತ್ರವನ್ನು ಮನೆಗೆ ಒಯ್ದು ಓದಿ

ಸಹಿಗೆ ಮುಂಚೆ ನಿಮಗೆ ಕೊಡುವುದು ರೋಗಿ ಮಾಹಿತಿ ಪತ್ರ. ಹತ್ತಿಪ್ಪತ್ತು ಪುಟ ಸಾಮಾನ್ಯ. ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂಬುದು ನಿಯಮ. ಕನ್ನಡದ್ದು ಬೇಕೆಂದು ಕೇಳಿ. ಅನುವಾದ ಕೆಲವೊಮ್ಮೆ ಎಷ್ಟು ಬಿಗಿಯಾಗಿರುತ್ತದೆಂದರೆ ಇಂಗ್ಲಿಷೇ ವಾಸಿ ಅನಿಸಬಹುದು. ಅರ್ಥವಾಗದ ಸಾಲಿಗೆ ಪೆನ್ಸಿಲ್ ಗುರುತು ಹಾಕಿ, ಡಾಕ್ಟರ ಬಾಯಲ್ಲೇ ಬಿಡಿಸಿ ಹೇಳಿಸಿಕೊಳ್ಳಿ. "ಇವತ್ತೇ ಸಹಿ ಹಾಕಿ, ಸೀಟು ಹೋಗುತ್ತೆ" ಎಂದರೆ ಒಂದು ದಿನ ಕೇಳಿ. ಒಂದು ರಾತ್ರಿ ಕಾಯದ ಟ್ರಯಲ್ ಬಹಳ ಅಪರೂಪ.

ಕೇಳಲೇಬೇಕಾದ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು: "ನಾನು ಸೇರದಿದ್ದರೆ ಇದೇ ಆಸ್ಪತ್ರೆಯಲ್ಲಿ ನನಗೆ ಯಾವ ಚಿಕಿತ್ಸೆ ಕೊಡುತ್ತೀರಿ, ಅದರಿಂದ ಏನು ನಿರೀಕ್ಷಿಸಬಹುದು?" ಈ ಉತ್ತರ ಇಲ್ಲದೆ ಟ್ರಯಲ್ ಒಳ್ಳೆಯದೋ ಕೆಟ್ಟದ್ದೋ ಎಂದು ತೂಗಲು ಆಗುವುದಿಲ್ಲ. ಇದರ ಜೊತೆಗೆ:

- ಮೊದಲ ಎರಡು ತಿಂಗಳಲ್ಲಿ ಎಷ್ಟು ಸಲ ಬರಬೇಕು? ಎಷ್ಟು ಹೊತ್ತು? ರಾತ್ರಿ ಉಳಿಯಬೇಕಾ?
- ಹೊಸದಾಗಿ ಬಯಾಪ್ಸಿ ಚುಚ್ಚುತ್ತೀರಾ? ಎಷ್ಟು ಸಲ?
- ಯಾವ ಬಿಲ್ ಪ್ರಾಯೋಜಕರದ್ದು, ಯಾವುದು ನನ್ನದು? ಇದು ಪತ್ರದ ಯಾವ ಪುಟದಲ್ಲಿದೆ?
- ಬಸ್ಸು, ರೈಲು, ಊಟದ ಖರ್ಚು ಕೊಡುತ್ತೀರಾ? ಜೊತೆಗೆ ಬರುವವರಿಗೂ?
- ಔಷಧ ಹಿಡಿದರೆ, ಟ್ರಯಲ್ ಮುಗಿದ ಮೇಲೂ ಸಿಗುತ್ತದಾ?
- ರಾತ್ರಿ 2 ಗಂಟೆಗೆ ತೊಂದರೆ ಆದರೆ ಯಾವ ನಂಬರ್?

ಬಿಲ್ ವಿಷಯದಲ್ಲಿ ಬಾಯಿಮಾತು ಒಪ್ಪಿಕೊಳ್ಳಬೇಡಿ, ಪುಟ ತೋರಿಸಿ ಎನ್ನಿ. ಖಾಸಗಿ ಆರೋಗ್ಯ ವಿಮೆ ಇದ್ದರೆ ಪಾಲಿಸಿಯಲ್ಲಿ "ಸಾಬೀತಾಗದ ಚಿಕಿತ್ಸೆ"ಗೆ ಹಣ ಇಲ್ಲ ಎಂಬ ಷರತ್ತು ಇರುತ್ತದೆ. ಟ್ರಯಲ್‌ಗೆ ಸೇರಿದ ಮೇಲೆ ನಿಮ್ಮ ಮಾಮೂಲಿ ಕೀಮೋ ಬಿಲ್ಲಿಗೂ ವಿಮಾ ಕಂಪನಿ ತಕರಾರು ತೆಗೆಯುವ ಸಂಭವ ಇದೆ. ಮೊದಲೇ ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆ ಪಡೆಯುತ್ತಿದ್ದರೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ.

5. ಸಮ್ಮತಿ ಪತ್ರಕ್ಕೆ ಸಹಿ

ಪ್ರತಿ ಪುಟದ ಅಡಿಯಲ್ಲಿ ಆವೃತ್ತಿ ಸಂಖ್ಯೆ, ದಿನಾಂಕ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮನೆಯಲ್ಲಿ ಓದಿದ್ದೂ ಸಹಿ ಹಾಕುತ್ತಿರುವುದೂ ಒಂದೇ ಆವೃತ್ತಿಯೇ ನೋಡಿ. ಸಹಿಯ ಪಕ್ಕದ ದಿನಾಂಕವನ್ನು ನಿಮ್ಮ ಕೈಯಲ್ಲೇ ಬರೆಯಿರಿ. ಬೇರೆಯವರು ಬರೆದರೆ ಅದು ದೋಷ. ತಪಾಸಣೆಗೆ ಬಂದವರು ಎತ್ತಿ ತೋರಿಸುತ್ತಾರೆ.

ಓದಲು ಬಾರದವರು ಹೆಬ್ಬೆಟ್ಟು ಒತ್ತಬಹುದು. ಆದರೆ ಪೂರ್ತಿ ಓದಿ ಹೇಳುವಾಗ ಮೊದಲಿಂದ ಕೊನೆವರೆಗೆ ಒಬ್ಬ ತಟಸ್ಥ ಸಾಕ್ಷಿ ಕೂತಿರಬೇಕು, ಅವರೂ ಸಹಿ ಹಾಕಬೇಕು. ಆ ಸಾಕ್ಷಿ ಟ್ರಯಲ್ ತಂಡದವರಾಗಿರಬಾರದು. ಕೊನೆಯಲ್ಲಿ ಯಾರನ್ನೋ ಕರೆದು ಸಹಿ ಹಾಕಿಸಿದರೆ ಅದು ಸಾಕ್ಷಿ ಅಲ್ಲ. ದುರ್ಬಲ ವರ್ಗಕ್ಕೆ ಸೇರಿದವರು ಹಿಂದೆಂದೂ ಬಳಕೆಗೆ ಬಂದಿರದ ಹೊಚ್ಚಹೊಸ ಔಷಧದ ಟ್ರಯಲ್‌ಗೆ ಬಂದರೆ ಈ ಮಾತುಕತೆಯನ್ನು ವಿಡಿಯೊ ಮಾಡುವುದು ಕಡ್ಡಾಯ. ಕ್ಯಾಮೆರಾ ಕಂಡು ಗಾಬರಿ ಬೇಡ, ಅದು ನಿಮ್ಮ ರಕ್ಷಣೆಗೆ. ಮಕ್ಕಳ ಟ್ರಯಲ್ ಆದರೆ ತಂದೆ ತಾಯಿಯ ಸಹಿಯ ಜೊತೆ ತಿಳಿವಳಿಕೆ ಬಂದ ಮಗುವಿನ ಒಪ್ಪಿಗೆಯನ್ನೂ ಕೇಳುತ್ತಾರೆ.

ಫಾರಂನಲ್ಲಿ ವಿದ್ಯಾಭ್ಯಾಸ, ಉದ್ಯೋಗ, ವಾರ್ಷಿಕ ಆದಾಯ, ನಾಮಿನಿ ಹೆಸರು ಕೇಳುತ್ತಾರೆ. "ಸಾಯ್ತೀನಿ ಅಂತಲೇ ನಾಮಿನಿ ಬರೆಸಿಕೊಳ್ತಾರಾ?" ಎಂದು ಕೆಲವರು ಆ ಸಾಲನ್ನು ಖಾಲಿ ಬಿಡುತ್ತಾರೆ. ಬಿಡಬೇಡಿ. ಟ್ರಯಲ್ ಕಾರಣದಿಂದಲೇ ಸಾವು ಸಂಭವಿಸಿದರೆ ಪರಿಹಾರ ಯಾರಿಗೆ ಎಂಬುದು ಆ ಸಾಲಿನಿಂದ ಸ್ಪಷ್ಟವಾಗುತ್ತದೆ.

ಸಹಿಯಾದ ಸಮ್ಮತಿ ಪತ್ರದ, ಮಾಹಿತಿ ಪತ್ರದ ಪ್ರತಿ ನಿಮಗೆ ಕೊಡಲೇಬೇಕು. ಕೈಗೆ ಬಾರದೆ ಕೋಣೆ ಬಿಡಬೇಡಿ. ಮುಂದೆ ಹೊಸ ಅಡ್ಡಪರಿಣಾಮ ಗೊತ್ತಾದರೆ ಹೊಸ ಆವೃತ್ತಿಗೆ ಮತ್ತೆ ಸಹಿ ಕೇಳುತ್ತಾರೆ. "ಹಾಕಿದ್ದೆನಲ್ಲ" ಎಂದು ಕಣ್ಣು ಮುಚ್ಚಿ ಹಾಕದೆ, ಬದಲಾದದ್ದು ಏನೆಂದು ಕೇಳಿ.

6. ಸ್ಕ್ರೀನಿಂಗ್: ಸಹಿ ಆಯಿತು ಎಂದರೆ ಸೇರಿದಂತೆ ಅಲ್ಲ

ಸಹಿಯ ನಂತರವೇ ಟ್ರಯಲ್‌ನ ಪರೀಕ್ಷೆಗಳು ಶುರು. ಸಾಮಾನ್ಯವಾಗಿ 28 ದಿನದೊಳಗೆ ಎಲ್ಲ ಮುಗಿದು ಮೊದಲ ಡೋಸ್ ಬೀಳಬೇಕು. ಎಷ್ಟು ಆರೋಗ್ಯ ಉಳಿದಿದೆ ಎಂಬುದಕ್ಕೆ ಇಕಾಗ್ ಎಂಬ ಅಂಕ ಇದೆ: ಎಂದಿನಂತೆ ಎಲ್ಲ ಮಾಡುವವರಿಗೆ 0, ಭಾರದ ಕೆಲಸ ಬಿಟ್ಟು ಉಳಿದದ್ದು ಮಾಡುವವರಿಗೆ 1, ತನ್ನ ಕೆಲಸ ತಾನು ಮಾಡಿಕೊಂಡು ಹಗಲು ಅರ್ಧಕ್ಕಿಂತ ಹೆಚ್ಚು ಹೊತ್ತು ಓಡಾಡಿಕೊಂಡಿರುವವರಿಗೆ 2, ಹಾಸಿಗೆ ಹಿಡಿದವರಿಗೆ 4. ಬಹುತೇಕ ಟ್ರಯಲ್‌ಗಳು 0 ಮತ್ತು 1 ಮಾತ್ರ, ಕೆಲವು 2 ಕೂಡ ಒಪ್ಪುತ್ತವೆ. ರಕ್ತದಲ್ಲಿ ಹಿಮೊಗ್ಲೋಬಿನ್ 9 ಗ್ರಾಂ, ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) 1,500, ಪ್ಲೇಟ್‌ಲೆಟ್ 1 ಲಕ್ಷ, ಇವಕ್ಕೆ ಕಡಿಮೆ ಇರಬಾರದು ಎಂಬುದು ಹಲವು ಟ್ರಯಲ್‌ಗಳ ಗೆರೆ. ಮೂತ್ರಪಿಂಡಕ್ಕೆ ಕ್ರಿಯಾಟಿನಿನ್, ಯಕೃತ್ತಿಗೆ ಬಿಲಿರುಬಿನ್, ಹೃದಯಕ್ಕೆ ಎಕೊ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಮಗು ಆಗುವ ವಯಸ್ಸಿನ ಮಹಿಳೆಯರಿಗೆ ಗರ್ಭ ಪರೀಕ್ಷೆ, ಇವೂ ಇರುತ್ತವೆ.

ಕೊನೆಯ ಕೀಮೋ ಆಗಿ 2ರಿಂದ 4 ವಾರ ಕಳೆದಿರಬೇಕು ಎಂಬ ಷರತ್ತು ಸಾಮಾನ್ಯ. ಹಳೆಯ ಔಷಧ ದೇಹದಿಂದ ಇಳಿಯಲು ಬಿಡುವ ಈ ಸಮಯಕ್ಕೆ ವಾಶ್‌ಔಟ್ ಎನ್ನುತ್ತಾರೆ. ಈ ವಾರಗಳಲ್ಲಿ ಯಾವ ಚಿಕಿತ್ಸೆಯೂ ಇರುವುದಿಲ್ಲ. ರೋಗ ವೇಗವಾಗಿ ಬೆಳೆಯುತ್ತಿದ್ದರೆ ಇದೇ ದೊಡ್ಡ ಅಪಾಯ. ಒಂದು ಪರೀಕ್ಷೆ ತಪ್ಪಿ ನಾಲ್ಕು ವಾರ ಹೋಗಿ, ಕೊನೆಗೆ "ನೀವು ಹೊಂದುವುದಿಲ್ಲ" ಎಂದರೆ ಅಷ್ಟು ದಿನ ದಂಡ. ಹಾಗಾಗಿ ಸ್ಕ್ರೀನಿಂಗ್ ಶುರುವಾಗುವ ದಿನವೇ ಕೇಳಿ: ಆಗದಿದ್ದರೆ ಎಷ್ಟನೆಯ ತಾರೀಕಿನೊಳಗೆ ಮಾಮೂಲಿ ಚಿಕಿತ್ಸೆ ಶುರು ಮಾಡುತ್ತೀರಿ? ಆ ತಾರೀಕು ಕಡತದಲ್ಲಿ ಬರೆಸಿ.

ಎಚ್ಚರಿಕೆ: ಸ್ಕ್ರೀನಿಂಗ್‌ನಲ್ಲಿ ಸಕ್ಕರೆ ಕಾಯಿಲೆ, ಹಳೆಯ ಟಿಬಿ, ನಾಟಿ ಔಷಧ ಮುಚ್ಚಿಡಬೇಡಿ. ಹೊರಗಿಡುವ ಷರತ್ತುಗಳಲ್ಲಿ ಬಹುಪಾಲು ನಿಮ್ಮ ಜೀವ ಉಳಿಸಲೆಂದೇ ಇರುವುದು. ಹಳೆಯ ಟಿಬಿ ಇರುವವರಿಗೆ ರೋಗನಿರೋಧಕ ಶಕ್ತಿ ಕೆದಕುವ ಔಷಧ ಕೊಟ್ಟರೆ ಅದು ಮರುಕಳಿಸಬಹುದು.

7. ಯಾವ ಗುಂಪು ಎಂದು ನಿರ್ಧರಿಸುವುದು ಕಂಪ್ಯೂಟರ್

ಫೇಸ್ 3ರಲ್ಲಿ ಎರಡು ಮೂರು ಗುಂಪುಗಳಿರುತ್ತವೆ. ಯಾರು ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ತೀರ್ಮಾನ. ಇದಕ್ಕೆ ರ‍್ಯಾಂಡಮೈಸೇಶನ್ ಎನ್ನುತ್ತಾರೆ. ಡಾಕ್ಟರಿಗೆ ಎಷ್ಟೇ ಪರಿಚಯ ಇದ್ದರೂ ಹೊಸ ಔಷಧದ ಗುಂಪಿಗೆ ಹಾಕಿಸಲು ಆಗುವುದಿಲ್ಲ, ಆಗಬಾರದು. ಹಾಗಾದರೆ ಹೋಲಿಕೆಯೇ ಕೆಟ್ಟಿತು.

"ಬರೀ ಸಕ್ಕರೆ ಮಾತ್ರೆ ಕೊಟ್ಟು ಸಾಯಿಸ್ತಾರೆ" ಎಂಬ ಭಯ ಕ್ಯಾನ್ಸರ್ ಟ್ರಯಲ್‌ಗಳಿಗೆ ಅಷ್ಟಾಗಿ ಹೊಂದುವುದಿಲ್ಲ. ಪ್ಲಸೀಬೊ, ಅಂದರೆ ಔಷಧ ಇಲ್ಲದ ಹುಸಿ ಮಾತ್ರೆ, ಇದ್ದರೂ ಸಾಮಾನ್ಯವಾಗಿ ಅದು ಈಗಿನ ಮಾನ್ಯ ಚಿಕಿತ್ಸೆಯ ಜೊತೆಗೆ: ಒಂದು ಗುಂಪಿಗೆ ಕೀಮೋ ಮತ್ತು ಹೊಸ ಔಷಧ, ಇನ್ನೊಂದಕ್ಕೆ ಅದೇ ಕೀಮೋ ಮತ್ತು ಪ್ಲಸೀಬೊ. ಚಿಕಿತ್ಸೆ ಮುಗಿದು ಬರೀ ಗಮನಿಸುತ್ತಿರುವ ಅವಧಿಯಲ್ಲಿ, ಅಥವಾ ಬೇರೆ ಮಾನ್ಯ ಚಿಕಿತ್ಸೆಯೇ ಉಳಿದಿಲ್ಲದಾಗ ಪ್ಲಸೀಬೊ ಮಾತ್ರ ಕೊಡುವ ಟ್ರಯಲ್‌ಗಳೂ ಉಂಟು. ನಿಮ್ಮದು ಯಾವುದು ಎಂದು ಬಿಡಿಸಿ ಕೇಳಿ. ನಿಮಗೂ ಡಾಕ್ಟರಿಗೂ ಗುಂಪು ಗೊತ್ತಿರದ ಟ್ರಯಲ್ ಆದರೆ, ಜೀವಕ್ಕೆ ಕುತ್ತು ಬಂದಾಗ ಗುಟ್ಟು ಬಿಚ್ಚುವ ವ್ಯವಸ್ಥೆ ಇರುತ್ತದೆ.

8. ಔಷಧ ಶುರುವಾದ ಮೇಲೆ ದಿನಚರಿ

ಮೊದಲ ಸುತ್ತು ಸುಸ್ತು ಮಾಡುತ್ತದೆ. ಔಷಧ ರಕ್ತದಲ್ಲಿ ಹೇಗೆ ಏರಿ ಇಳಿಯುತ್ತದೆ ಎಂದು ನೋಡುವ ಟ್ರಯಲ್ ಆದರೆ, ಡೋಸ್‌ಗೆ ಮೊದಲು, ಆಮೇಲೆ 1, 2, 4, 8 ಗಂಟೆಗೆ, ಮರುದಿನ 24 ಗಂಟೆಗೆ ಹೀಗೆ ರಕ್ತ ತೆಗೆಯಬಹುದು. ಕೈಗೆ ಒಂದು ಸೂಜಿ ಹಾಕಿಟ್ಟಿರುತ್ತಾರೆ. ಬೆಳಿಗ್ಗೆ ಮಾತ್ರೆಯನ್ನು ಮನೆಯಲ್ಲೇ ನುಂಗಿ ಬಂದರೆ ಆ ದಿನದ ಅಷ್ಟೂ ಅಳತೆ ವ್ಯರ್ಥ. ರಕ್ತ ಕೊಡುವ ದಿನ ಮಾತ್ರೆ ಕೈಯಲ್ಲಿ ಹಿಡಿದು ಬನ್ನಿ.

ಮಾತ್ರೆಯ ಟ್ರಯಲ್‌ಗಳಲ್ಲಿ ಡೈರಿ ಕೊಡುತ್ತಾರೆ. ನುಂಗಿದ ಗಂಟೆಯನ್ನು ಆಗಲೇ ಬರೆಯಿರಿ. ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಕೂತು ಇಪ್ಪತ್ತೊಂದು ದಿನದ್ದನ್ನು ಒಂದೇ ಪೆನ್ನಿನಲ್ಲಿ ತುಂಬಿದರೆ ಕೋಆರ್ಡಿನೇಟರ್‌ಗೆ ನೋಡಿದ ಕೂಡಲೇ ತಿಳಿಯುತ್ತದೆ. ಖಾಲಿ ಸ್ಟ್ರಿಪ್, ಡಬ್ಬಿ ಕಸಕ್ಕೆ ಹಾಕಬೇಡಿ, ಎಣಿಸಲು ವಾಪಸ್ ಬೇಕು. ಒಂದು ಡೋಸ್ ಮರೆತರೆ ಮುಂದಿನದರ ಜೊತೆ ಎರಡು ನುಂಗಬೇಡಿ. ವಾಂತಿಯಲ್ಲಿ ಮಾತ್ರೆ ಹೋದರೆ ಇನ್ನೊಂದು ನುಂಗುವ ಮೊದಲು ಫೋನ್ ಮಾಡಿ.

ತಿನ್ನುವುದರಲ್ಲಿ ಒಂದು ಹಣ್ಣಿನ ಮೇಲೆ ವಿಶೇಷ ಗಮನ ಇರಲಿ: ಚಕ್ಕೋತ. ಇಂಗ್ಲಿಷ್ ಮಾಹಿತಿ ಪತ್ರದಲ್ಲಿ ಗ್ರೇಪ್‌ಫ್ರೂಟ್ ಬೇಡ ಎಂದಿರುತ್ತದೆ, ಕನ್ನಡ ಪ್ರತಿಯಲ್ಲಿ ಅದು "ದ್ರಾಕ್ಷಿ" ಆಗಿಬಿಟ್ಟರೂ ಆಶ್ಚರ್ಯವಿಲ್ಲ. ಗ್ರೇಪ್‌ಫ್ರೂಟ್ ದ್ರಾಕ್ಷಿ ಅಲ್ಲ, ಅದು ನಮ್ಮ ಚಕ್ಕೋತದ ಹತ್ತಿರದ ನೆಂಟ. ಎರಡರಲ್ಲೂ ಇರುವ ಅಂಶಗಳು ಔಷಧವನ್ನು ಒಡೆಯುವ ಕಿಣ್ವವನ್ನು ಕರುಳಿನಲ್ಲೇ ಕಟ್ಟಿಹಾಕುತ್ತವೆ. ಆಗ ನುಂಗಿದ ಮಾತ್ರೆ ಅಷ್ಟೇ ಆದರೂ ರಕ್ತ ಸೇರುವ ಔಷಧ ಹೆಚ್ಚಾಗುತ್ತದೆ. ದೇವನಹಳ್ಳಿ ಕಡೆಯವರು ಮನೆಯಂಗಳದ ಹಣ್ಣೆಂದು ತಿನ್ನುವ ಮುನ್ನ ಕೇಳಿ. ಅಮೃತಬಳ್ಳಿ ಕಷಾಯ, ಅರಿಶಿನದ ಕ್ಯಾಪ್ಸೂಲ್, ಊರಿನ ನಾಟಿ ಪುಡಿ ಇವೂ ಬೇಡ. ಅಮೃತಬಳ್ಳಿಯಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ. ಟ್ರಯಲ್‌ನ ಮಧ್ಯೆ ಲಿವರ್ ಪರೀಕ್ಷೆಯ ಅಂಕಿ ಏರಿದರೆ ದೋಷ ಯಾವುದರದ್ದೆಂದು ತಿಳಿಯದೆ ನಿಮ್ಮ ಔಷಧವನ್ನೇ ನಿಲ್ಲಿಸುತ್ತಾರೆ. ಸಾರಿಗೆ ಹಾಕುವ ಅರಿಶಿನಕ್ಕೆ ತೊಂದರೆ ಇಲ್ಲ.

ಗಂಡಸರಿಗೂ ಹೆಂಗಸರಿಗೂ ಗರ್ಭನಿರೋಧದ ಷರತ್ತು ಇರುತ್ತದೆ, ಔಷಧ ನಿಲ್ಲಿಸಿ ತಿಂಗಳುಗಟ್ಟಲೆ ಆದರೂ. ಕೇಳಲು ಮುಜುಗರ ಎಂದರೆ ನರ್ಸನ್ನು ಕೇಳಿ.

9. ಯಾವಾಗ ಕಾಯದೆ ಫೋನ್ ಮಾಡಬೇಕು

ಟ್ರಯಲ್ ಕಾರ್ಡ್ ಕೊಟ್ಟಿರುತ್ತಾರೆ, ಪರ್ಸಿನಲ್ಲಿ ಸದಾ ಇರಲಿ. ಊರಿನ ಆಸ್ಪತ್ರೆಗೆ ಹೋದರೂ ಮೊದಲು ಅದನ್ನು ತೋರಿಸಿ.

- ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿತು: ಬಿಳಿ ರಕ್ತಕಣ ಕುಸಿದಿದ್ದರೆ ಇದು ತುರ್ತು. ಡೋಲೊ ನುಂಗಿ ಮಲಗಬೇಡಿ.
- ಇಮ್ಯುನೊಥೆರಪಿ (ರೋಗನಿರೋಧಕ ಶಕ್ತಿ ಕೆದಕುವ ಔಷಧ) ಪಡೆಯುತ್ತಿದ್ದು ಭೇದಿ ಹೆಚ್ಚಿತು, ಉಸಿರು ಕಟ್ಟುತ್ತಿದೆ: ನಿಮ್ಮ ದೇಹವೇ ಕರುಳಿನ ಮೇಲೆ, ಶ್ವಾಸಕೋಶದ ಮೇಲೆ ತಿರುಗಿಬಿದ್ದಿರಬಹುದು. ಅಂಗಡಿಯಿಂದ ಭೇದಿ ಮಾತ್ರೆ ತಂದು ಸುಮ್ಮನಾದರೆ ಮೊದಲ ದಿನಗಳು ಕಳೆದುಹೋಗುತ್ತವೆ.
- ಬೇರೆ ಆಸ್ಪತ್ರೆಗೆ ಅಡ್ಮಿಟ್ ಆದಿರಿ: ಕಾರಣ ಏನೇ ಇರಲಿ, ಅದೇ ದಿನ ತಿಳಿಸಿ. ಅಡ್ಮಿಟ್ ಆಗುವಂಥ ಘಟನೆಯನ್ನು ಸಂಶೋಧಕರು 24 ಗಂಟೆಯೊಳಗೆ ನಿಯಂತ್ರಕರಿಗೆ, ಪ್ರಾಯೋಜಕರಿಗೆ, ನೈತಿಕ ಸಮಿತಿಗೆ ವರದಿ ಮಾಡಬೇಕು. ನಿಮ್ಮ ಉಚಿತ ಚಿಕಿತ್ಸೆ, ಪರಿಹಾರ ಎಲ್ಲ ಶುರುವಾಗುವುದು ಆ ವರದಿಯಿಂದ.

ಅಡ್ಡಪರಿಣಾಮಗಳನ್ನು 1ರಿಂದ 5ರವರೆಗೆ ದರ್ಜೆ ಮಾಡುತ್ತಾರೆ: 1 ಸೌಮ್ಯ, 3 ತೀವ್ರ, 4 ಜೀವಕ್ಕೆ ಅಪಾಯ, 5 ಸಾವು. "ಹೇಳಿದರೆ ಔಷಧ ನಿಲ್ಲಿಸಿಬಿಡ್ತಾರೆ" ಎಂದು ದರ್ಜೆ 2ರಲ್ಲಿ ಬಾಯಿ ಮುಚ್ಚಿಕೊಂಡವರು ದರ್ಜೆ 4ರಲ್ಲಿ ಐಸಿಯುಗೆ ಬರುತ್ತಾರೆ. ಬೇಗ ಹೇಳಿದರೆ ಡೋಸ್ ಇಳಿಸಿ ಮುಂದುವರಿಸುವ ದಾರಿ ಪ್ರೋಟೊಕಾಲ್‌ನಲ್ಲೇ ಇರುತ್ತದೆ.

10. ಸ್ಕ್ಯಾನ್ ಲೆಕ್ಕ ಓದುವುದು

ಸಾಮಾನ್ಯವಾಗಿ 6ರಿಂದ 12 ವಾರಕ್ಕೊಮ್ಮೆ ಸ್ಕ್ಯಾನ್. ಅಳೆಯಲು ಬರುವ ಗಡ್ಡೆಗಳಲ್ಲಿ ಹೆಚ್ಚೆಂದರೆ 5, ಒಂದು ಅಂಗದಲ್ಲಿ 2ಕ್ಕೆ ಮೀರದಂತೆ ಆರಿಸಿ, ಅವುಗಳ ಅಳತೆ ಕೂಡಿಸುತ್ತಾರೆ. ಶುರುವಿನಲ್ಲಿ ಮೊತ್ತ 100 ಮಿ.ಮೀ. ಇತ್ತು ಎನ್ನಿ. 70ಕ್ಕೆ ಅಥವಾ ಕೆಳಗೆ ಇಳಿದರೆ "ಭಾಗಶಃ ಸ್ಪಂದನೆ". ಅದು 60ರವರೆಗೆ ಇಳಿದು ಮತ್ತೆ 72 ಆದರೆ "ರೋಗ ಮುಂದುವರಿದಿದೆ", ಏಕೆಂದರೆ ಏರಿಕೆಯನ್ನು ಹೋಲಿಸುವುದು ಅತಿ ಕಡಿಮೆ ಇದ್ದ ಅಳತೆಯ ಜೊತೆ: ಅಲ್ಲಿಂದ 20%, ಕನಿಷ್ಠ 5 ಮಿ.ಮೀ. ಏರಿದರೆ ಗೆರೆ ದಾಟಿದಂತೆ. "100 ಇದ್ದದ್ದು 72 ಆಗಿದೆಯಲ್ಲ, ಯಾಕೆ ನಿಲ್ಲಿಸಿದರು?" ಎಂಬ ಜಗಳ ಬರುವುದು ಇಲ್ಲೇ. ಹೊಸ ಗಡ್ಡೆ ಕಂಡರೂ ಸಾಮಾನ್ಯವಾಗಿ ಅದೇ ತೀರ್ಪು. ಇಮ್ಯುನೊಥೆರಪಿಯಲ್ಲಿ ಗಡ್ಡೆ ಮೊದಲು ಊದಿಕೊಂಡು ಆಮೇಲೆ ಕುಗ್ಗುವುದು ಅಪರೂಪಕ್ಕೆ ಉಂಟು. ಅದಕ್ಕೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡಿ ನೋಡಲು ಕೆಲವು ಟ್ರಯಲ್‌ಗಳು ಅವಕಾಶ ಕೊಡುತ್ತವೆ.

ಊರಿನ ಹತ್ತಿರ ಅಗ್ಗವೆಂದು ಬೇರೆ ಸೆಂಟರ್‌ನಲ್ಲಿ ಸ್ಕ್ಯಾನ್ ಮಾಡಿಸಬೇಡಿ. ಯಂತ್ರ, ಚಿತ್ರ ತೆಗೆಯುವ ಪದರದ ದಪ್ಪ ಬದಲಾದರೆ ಅಳತೆ ಹೊಂದುವುದಿಲ್ಲ.

11. ಪೆಟ್ಟಾದರೆ ಪರಿಹಾರ

2019ರ ನಿಯಮಗಳಡಿ ನಡೆಯುವ ಟ್ರಯಲ್‌ನಲ್ಲಿ ಗಾಯ, ತೊಂದರೆ ಆದರೆ ಅಗತ್ಯ ಇರುವಷ್ಟು ಕಾಲ, ಅಥವಾ ಅದಕ್ಕೂ ಟ್ರಯಲ್‌ಗೂ ಸಂಬಂಧ ಇಲ್ಲವೆಂದು ಖಚಿತವಾಗುವವರೆಗೆ, ಉಚಿತ ಚಿಕಿತ್ಸೆ ಕೊಡಬೇಕು. ಟ್ರಯಲ್‌ನಿಂದಲೇ ಸಾವಾದರೆ ಪರಿಹಾರಕ್ಕೆ ಸೂತ್ರ ಇದೆ: ಮೂಲ ಮೊತ್ತ 8 ಲಕ್ಷ, ಅದನ್ನು ವಯಸ್ಸಿನ ಅಂಕದಿಂದಲೂ ರೋಗದ ಅಪಾಯದ ಅಂಕದಿಂದಲೂ ಗುಣಿಸಿ 99.37ರಿಂದ ಭಾಗಿಸಬೇಕು. 50 ವರ್ಷದವರಿಗೆ ವಯಸ್ಸಿನ ಅಂಕ 153.09. ರೋಗದಿಂದ 6ರಿಂದ 24 ತಿಂಗಳು ಬದುಕುವ ನಿರೀಕ್ಷೆ ಇದ್ದವರಿಗೆ ಅಪಾಯದ ಅಂಕ 1, ಆಗ ಸುಮಾರು 12.3 ಲಕ್ಷ. 6 ತಿಂಗಳೊಳಗಿನ ನಿರೀಕ್ಷೆ ಇದ್ದರೆ ಅಂಕ 0.5, ಮೊತ್ತವೂ ಅರ್ಧ. ಕಾಯಿಲೆ ಹೆಚ್ಚಿದಷ್ಟೂ ಪರಿಹಾರ ಇಳಿಯುವ ಈ ಲೆಕ್ಕ ಕ್ಯಾನ್ಸರ್ ರೋಗಿಗಳಿಗೆ ಕಹಿ ಅನಿಸುವುದು ಸಹಜ, ಆದರೆ ನಿಯಮ ಹಾಗಿದೆ.

ಕ್ಯಾನ್ಸರ್ ತಾನಾಗಿ ಬೆಳೆದು ಆದ ಸಾವಿಗೆ ಪರಿಹಾರ ಇಲ್ಲ. ಅಕಾಡೆಮಿಕ್ ಟ್ರಯಲ್ ಆದರೆ ಯಾವ ವಿಮೆ, ಯಾವ ನಿಧಿ ಎಂದು ಸಹಿಗೆ ಮುಂಚೆಯೇ ಕೇಳಿ. ತಂಡ ಸ್ಪಂದಿಸದಿದ್ದರೆ ಸಮ್ಮತಿ ಪತ್ರದಲ್ಲಿರುವ ನೈತಿಕ ಸಮಿತಿಯ ಸಂಖ್ಯೆಗೆ ನೇರ ಕರೆ ಮಾಡಿ, ಆಮೇಲೆ ಬರವಣಿಗೆಯಲ್ಲೂ ಕೊಡಿ.

12. ಹೊರಬರುವುದು, ಮುಗಿಸುವುದು

ಯಾವಾಗ ಬೇಕಾದರೂ, ಕಾರಣ ಹೇಳದೆ ಹೊರಬರಬಹುದು. ಅದರಿಂದ ಮಾಮೂಲಿ ಚಿಕಿತ್ಸೆಗೆ ತೊಂದರೆ ಆಗಕೂಡದು. ಆದರೆ ಫೋನ್ ತೆಗೆಯದೆ ಮಾಯವಾಗಬೇಡಿ. ಕೆಲವು ಔಷಧಗಳನ್ನು ತಟ್ಟನೆ ನಿಲ್ಲಿಸಬಾರದು, ನಿಲ್ಲಿಸಿದ ಮೇಲೂ ಸುಮಾರು ಒಂದು ತಿಂಗಳ ನಂತರ ಸುರಕ್ಷತಾ ತಪಾಸಣೆ ಇರುತ್ತದೆ. "ಔಷಧ ಬೇಡ, ಆದರೆ ಫೋನ್ ಮಾಡಿ ವಿಚಾರಿಸಿ" ಎನ್ನುವುದು ಒಂದು, "ಯಾವ ಸಂಪರ್ಕವೂ ಬೇಡ" ಎನ್ನುವುದು ಇನ್ನೊಂದು. ಯಾವುದೆಂದು ಸ್ಪಷ್ಟವಾಗಿ ಬರೆದುಕೊಡಿ. ಅಷ್ಟರವರೆಗೆ ಸಂಗ್ರಹಿಸಿದ ಮಾಹಿತಿಯನ್ನು ಅವರು ಉಳಿಸಿಕೊಳ್ಳುತ್ತಾರೆ. ಉಳಿದ ರಕ್ತ, ಬ್ಲಾಕ್ ಚೂರನ್ನು ಮುಂದಿನ ಸಂಶೋಧನೆಗೆ ಬಳಸಬೇಡಿ ಎನ್ನಬಹುದು.

ಔಷಧ ನಿಮಗೆ ಹಿಡಿದಿದ್ದು ಟ್ರಯಲ್ ಮುಗಿದರೆ, ಬೇರೆ ಪರ್ಯಾಯ ಇಲ್ಲದ ಕಾಯಿಲೆಗೆ ಸಂಶೋಧಕರು ಶಿಫಾರಸು ಮಾಡಿ ನೈತಿಕ ಸಮಿತಿ ಒಪ್ಪಿದರೆ ಪ್ರಾಯೋಜಕರು ಅದನ್ನು ಉಚಿತವಾಗಿ ಕೊಡಲು ನಿಯಮದಲ್ಲಿ ಅವಕಾಶ ಇದೆ. ನೀವು ಲಿಖಿತ ಒಪ್ಪಿಗೆ ಕೊಡಬೇಕು. ಇದು ತಾನಾಗಿ ನಡೆಯುವುದಿಲ್ಲ, ಕೊನೆಯ ಡೋಸ್‌ಗೆ ಎರಡು ಮೂರು ತಿಂಗಳು ಮುಂಚೆಯೇ ಕೇಳಲು ಶುರು ಮಾಡಿ.

ಕೊನೆಯ ಭೇಟಿಯ ದಿನ ಇಷ್ಟು ಪಡೆದು ಬನ್ನಿ: ಯಾವ ಔಷಧ ಎಷ್ಟು ಸುತ್ತು ಸಿಕ್ಕಿತು ಎಂಬ ಸಾರಾಂಶ, ಎಲ್ಲ ಸ್ಕ್ಯಾನ್ ಸಿಡಿಗಳು, ಬ್ಲಾಕ್ ವಾಪಸ್, ಬಾಕಿ ಇರುವ ಪ್ರಯಾಣದ ಹಣ. ಗುಂಪು ಗುಟ್ಟಾಗಿಟ್ಟ ಟ್ರಯಲ್ ಆಗಿದ್ದರೆ ನೀವು ಯಾವ ಗುಂಪಿನಲ್ಲಿದ್ದಿರಿ ಎಂಬುದನ್ನು ಯಾವಾಗ ತಿಳಿಸುತ್ತಾರೆ ಎಂದು ಕೇಳಿ, ನಿಮ್ಮ ಹೊಸ ಫೋನ್ ನಂಬರ್ ಬರೆಸಿ ಬನ್ನಿ.